ಶೆಡ್ಡಿನ ಮಕ್ಕಳಿಗೆ ಮೊದಲು ತಾಯಿ ಕಾರ್ಡ್

ಯಾದಗಿರಿಯಿಂದಲೋ ಒಡಿಶಾದಿಂದಲೋ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡಿಗೆ ಮಕ್ಕಳ ಲಸಿಕೆ, ಊಟ, ಪಡಿತರ ವಿಚಾರಿಸಲು ಹಗಲು ಹೋದರೆ ಸಿಗುವುದು ತಮ್ಮನನ್ನು ಎತ್ತಿಕೊಂಡ ಅಕ್ಕ ಮಾತ್ರ. ಸಂಜೆ ಏಳರ ಮೇಲೆ ಹೋಗಿ, ಮೇಸ್ತ್ರಿಗೆ ಮೊದಲೇ ಹೇಳಿಡಿ.

ಮೊದಲು ತಾಯಿ ಕಾರ್ಡ್, ಅಂದರೆ ತಾಯಿ-ಮಗುವಿನ ತಪಾಸಣೆ, ಲಸಿಕೆ ಬರೆದಿಡುವ ಕಾರ್ಡ್ ಕೇಳಿ. ಊರಲ್ಲೇ ಉಳಿದಿದ್ದರೆ ವಾಟ್ಸ್ಯಾಪಿನಲ್ಲಿ ಫೋಟೊ ತರಿಸಿ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಇದು ಗೊತ್ತಿಲ್ಲದೆ, ಬೈಸಿಕೊಳ್ಳುವ ಭಯಕ್ಕೆ ಎಷ್ಟೋ ತಾಯಂದಿರು ಆಸ್ಪತ್ರೆಗೇ ಹೋಗುವುದಿಲ್ಲ.

ಅಂಗನವಾಡಿಯಲ್ಲಿ 6 ತಿಂಗಳಿಂದ 3 ವರ್ಷದವರಿಗೆ ಮನೆಗೊಯ್ಯುವ ಆಹಾರ, 6 ವರ್ಷದವರೆಗೆ ಅಲ್ಲೇ ಬಿಸಿಯೂಟ. ಹೆಸರು ಊರಿನ ಕೇಂದ್ರದಲ್ಲಿದ್ದರೆ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವರ್ಗಾಯಿಸಲು ಕಾರ್ಯಕರ್ತೆಯನ್ನು ಕೇಳಿ. ಮಗುವಿಗೆ ಆಧಾರ್ ಇಲ್ಲದಿದ್ದರೆ ತಾಯಿಯದು ಸಾಕು.

ಆಹಾರ ಭದ್ರತಾ ಕಾಯ್ದೆಯಡಿ ಕೊಟ್ಟ, ಆಧಾರ್ ಜೋಡಿಸಿದ ಪಡಿತರ ಚೀಟಿ ಬೇರೆ ರಾಜ್ಯದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುತ್ತದೆ. ಸಿಮೆಂಟಿಗೆ ಬೆರಳು ಸವೆದು ಹೆಬ್ಬೆಟ್ಟು ಒಪ್ಪದಿದ್ದರೆ, ಚೀಟಿಯಲ್ಲಿರುವ ಇನ್ನೊಬ್ಬರನ್ನು ಕಳಿಸಿ.