ಅರವತ್ತರ ಖರ್ಚೇ ಬೇರೆ, ಎಪ್ಪತ್ತೈದರ ಖರ್ಚೇ ಬೇರೆ

ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಪೆನ್ಷನ್ ಕೆಲಸ ನೋಡಿಕೊಳ್ಳುತ್ತೇನೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ವರ್ಕ್‌ಶಾಪ್ ಎಲ್ಲ ಈ ಊರಲ್ಲೇ ಇರುವುದರಿಂದ ನನ್ನ ಕೌಂಟರಿಗೆ ಬರುವವರಲ್ಲಿ ರೈಲ್ವೆಯವರೇ ಹೆಚ್ಚು. ನವೆಂಬರ್ ಬಂತೆಂದರೆ ಜೀವನ ಪ್ರಮಾಣಪತ್ರಕ್ಕೆ ಅರವತ್ತೊಂದರವರೂ, ಮಗನ ಕೈ ಹಿಡಿದು ಬರುವ ತೊಂಬತ್ತರ ಅಜ್ಜಾರೂ ಒಂದೇ ಪಾಳಿಯಲ್ಲಿ ನಿಲ್ಲುತ್ತಾರೆ. ಆ ಪಾಳಿ ನೋಡಿ ನೋಡಿ ನನಗೆ ಮನದಟ್ಟಾದದ್ದು ಇಷ್ಟು: ನಿವೃತ್ತಿಯಲ್ಲಿ ಮೂರು ಕಾಲಗಳಿವೆ — ಕೈಕಾಲು ಗಟ್ಟಿ ಇರುವ ಮೊದಲ ವರ್ಷಗಳು, ಕಾಯಿಲೆ ಶುರುವಾಗುವ ನಡುವಿನ ವರ್ಷಗಳು, ಒಬ್ಬರೇ ಉಳಿಯುವ ಕೊನೆಯ ವರ್ಷಗಳು. ಆದರೆ ಕೈಗೆ ಬಂದ ದುಡ್ಡನ್ನು ಬಹಳಷ್ಟು ಮಂದಿ ಮೊದಲನೆಯದರಲ್ಲೇ ಹಂಚಿ ಮುಗಿಸುತ್ತಾರೆ.

ಹಳೇ ಪೆನ್ಷನ್‌ನವರ, ಅಂದರೆ 2004ಕ್ಕೆ ಮೊದಲು ಕೆಲಸಕ್ಕೆ ಸೇರಿದವರ, ಒಂದು ಲೆಕ್ಕ ನೋಡೋಣ. ಕೊನೆಯ ಮೂಲ ವೇತನ 60,000 ಇದ್ದರೆ ಮೂಲ ಪೆನ್ಷನ್ 30,000. ಅದರಲ್ಲಿ ಶೇಕಡಾ 40ರವರೆಗೆ, ಅಂದರೆ 12,000, ಕಮ್ಯೂಟ್ ಮಾಡಿಸಬಹುದು; ತಿಂಗಳ ಪೆನ್ಷನ್‌ನ ಆ ಪಾಲನ್ನು ಬಿಟ್ಟುಕೊಟ್ಟು ಮೊದಲೇ ಒಟ್ಟಿಗೆ ದುಡ್ಡು ಪಡೆಯುವುದಕ್ಕೆ ಹಾಗೆನ್ನುತ್ತಾರೆ. ಅರವತ್ತಕ್ಕೆ ನಿವೃತ್ತರಾದವರಿಗೆ ಅದರ ಬದಲು ಸುಮಾರು 11 ಲಕ್ಷ 80 ಸಾವಿರ ಒಟ್ಟಿಗೆ ಸಿಗುತ್ತದೆ. ತಿಂಗಳಿಗೆ ಉಳಿಯುವುದು 18,000, ಜೊತೆಗೆ ಪೂರ್ತಿ 30,000ದ ಮೇಲೆ ತುಟ್ಟಿಭತ್ಯೆ. ಗ್ರಾಚ್ಯುಟಿ, ಪಿಎಫ್, ರಜೆಯ ದುಡ್ಡು ಎಲ್ಲ ಸೇರಿ ಪಾಸ್‌ಬುಕ್ಕಿನಲ್ಲಿ ಜೀವನದಲ್ಲೇ ಕಾಣದಷ್ಟು ದೊಡ್ಡ ಮೊತ್ತ ಬೀಳುತ್ತದೆ. ಆಗ ಮನೆ ಮೇಲೆ ಇನ್ನೊಂದು ಮಾಳಿಗೆ ಏಳುತ್ತದೆ, ಮಗನ ಧಂದೆಗೆ ಬಂಡವಾಳ ಹೋಗುತ್ತದೆ.

ಕಾಶಿಗೆ ಹೋಗಬೇಕೆನ್ನುವವರನ್ನು ನಾನು ಎಂದೂ ತಡೆದಿಲ್ಲ. ಮೊಣಕಾಲು ಗಟ್ಟಿ ಇರುವಾಗಲೇ ಹೋಗಬೇಕು. ಎಪ್ಪತ್ತೆಂಟಕ್ಕೆ ದುಡ್ಡಿದ್ದರೂ ಮೆಟ್ಟಿಲು ಹತ್ತಲಾಗುವುದಿಲ್ಲ. ನನ್ನ ತಕರಾರು ಮಾಳಿಗೆಯ ಮೇಲೆ. ಇದ್ದಬದ್ದದ್ದೆಲ್ಲ ಇಟ್ಟಿಗೆ ಸಿಮೆಂಟಿಗೆ ಸುರಿದರೆ, ಆಸ್ಪತ್ರೆಯವರು ಮುಂಗಡ ಕೇಳಿದ ದಿನ ಗೋಡೆಯನ್ನು ಮುರಿದು ಕೊಡಲಾಗುವುದಿಲ್ಲ.

ಪೆನ್ಷನ್ ನಿಯಮ ವಯಸ್ಸಿನ ಜೊತೆ ಹೇಗೆ ಏರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಕಮ್ಯೂಟ್ ಮಾಡಿಸಿದ 12,000 ಹದಿನೈದು ವರ್ಷದ ಮೇಲೆ, ಎಪ್ಪತ್ತೈದರ ಹೊತ್ತಿಗೆ, ಮತ್ತೆ ಪೆನ್ಷನ್‌ಗೆ ಸೇರುತ್ತದೆ. ಎಂಬತ್ತಾದರೆ ಮೂಲ ಪೆನ್ಷನ್‌ನ ಶೇಕಡಾ 20 ಹೆಚ್ಚುವರಿ, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40. ನಿಜವಾದ ಬಿಗಿ ಇರುವುದು ಅರವತ್ತೆಂಟರಿಂದ ಎಪ್ಪತ್ತೈದರ ನಡುವೆ. ಬಿಪಿ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಎಲ್ಲ ಶುರುವಾಗಿರುತ್ತವೆ, ಕಡಿತ ಮಾತ್ರ ಇನ್ನೂ ನಡೆದಿರುತ್ತದೆ. ಅದಕ್ಕೇ ಕಮ್ಯುಟೇಶನ್ ದುಡ್ಡಿನಲ್ಲಿ ದೊಡ್ಡ ಪಾಲನ್ನು ಆ ಏಳೆಂಟು ವರ್ಷಕ್ಕೆಂದೇ ತೆಗೆದಿಡಿ ಎನ್ನುತ್ತೇನೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಉಳಿದದ್ದನ್ನು ಒಂದೇ ಠೇವಣಿ ಮಾಡದೆ, ವರ್ಷಕ್ಕೊಂದು ಮುಗಿಯುವ ಹಾಗೆ ಒಡೆದು ಇಡಬೇಕು. ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಸಣ್ಣ ಸೊಸೈಟಿಗಳ ಠೇವಣಿಗೆ ಆ ವಿಮೆಯೂ ಇಲ್ಲ. ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಆಸೆಪಟ್ಟು ಅಲ್ಲಿಗೆ ಓಡಬೇಡಿ.

2004ರ ಜನವರಿಯಿಂದ ಈಚೆಗೆ ಸೇರಿ ಎನ್‌ಪಿಎಸ್‌ನಲ್ಲಿ, ಅಂದರೆ ಸಂಬಳದಿಂದ ಕೂಡಿಟ್ಟ ದುಡ್ಡಿನ ಮೇಲೆ ನಿಂತ ಹೊಸ ಪೆನ್ಷನ್‌ನಲ್ಲಿ, ಇರುವವರ ಲೆಕ್ಕ ಬೇರೆ. ಅವರಿಗೆ ಒಂದೇ ಮಾತು: ಆನ್ಯುಟಿ (ಕೂಡಿಟ್ಟ ದುಡ್ಡು ಕೊಟ್ಟು ಕೊಳ್ಳುವ ಜೀವನಪೂರ್ತಿಯ ಪೆನ್ಷನ್) ಆರಿಸುವಾಗ ತಮ್ಮ ನಂತರ ಹೆಂಡತಿಗೂ ಬರುವಂಥದ್ದನ್ನೇ ಆರಿಸಲಿ.

ಮೂರನೆಯ ಕಾಲ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬರುತ್ತದೆ. ಕಳೆದ ಸಲ ಒಬ್ಬ ಅವ್ವಾರು ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಮರಣ ಪ್ರಮಾಣಪತ್ರ, ಎರಡು ಹಳೇ ಪಾಸ್‌ಬುಕ್, ಗಂಡನ ಕನ್ನಡಕ. "ಎಲ್ಲಾ ಅವರ ನೋಡತಿದ್ರರೀ, ನನಗ ಯಾವುದು ಏನಂತ ಗೊತ್ತಿಲ್ಲರೀ" ಎಂದರು. ಪಿಪಿಓ, ಅಂದರೆ ಪೆನ್ಷನ್ ಕೊಡಲು ಇಲಾಖೆ ಹೊರಡಿಸುವ ಆದೇಶಪತ್ರ, ಆ ಹೆಸರನ್ನೇ ಅವರು ಕೇಳಿರಲಿಲ್ಲ. ಮನೆಗೆಲಸದಲ್ಲಿ ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರ ಹಿಡಿಯಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ಗುರುತು ಮುಗಿಸಿದೆವು. ಅವರಿಗೆ ಸಿಗುವ ಕುಟುಂಬ ಪೆನ್ಷನ್ ಕೊನೆಯ ವೇತನದ ಶೇಕಡಾ 30. ಮೇಲಿನ ಲೆಕ್ಕದಲ್ಲಿ 30,000 ಇದ್ದದ್ದು 18,000ಕ್ಕೆ ಇಳಿಯುತ್ತದೆ, ತುಟ್ಟಿಭತ್ಯೆಯೂ ಅಷ್ಟಕ್ಕೇ. ಇಬ್ಬರಿದ್ದ ಮನೆಯಲ್ಲಿ ಒಬ್ಬರಾದರೆಂದು ಕರೆಂಟ್ ಬಿಲ್ಲು, ಮನೆಪಟ್ಟಿ ಅರ್ಧ ಆಗುವುದಿಲ್ಲ, ನೋಡಿಕೊಳ್ಳುವವರ ಸಂಬಳವೂ ಸೇರಿಕೊಳ್ಳುತ್ತದೆ.

ಅದಕ್ಕೇ ನಿವೃತ್ತಿಯ ಕಾಗದ ತಂದವರಿಗೆ ಈಗ ನೇರವಾಗಿ ಹೇಳುತ್ತೇನೆ: "ಸರ್ರ, ನಾಳೆ ಬರುವಾಗ ಮನಿಯವರನ್ನೂ ಕರಕೊಂಡು ಬರ್ರಿ." ಪೆನ್ಷನ್ ಖಾತೆಯನ್ನು ಇಬ್ಬರ ಹೆಸರಿನಲ್ಲಿ ಜಂಟಿ ಮಾಡಿಸುತ್ತೇನೆ; ಮುಂದೆ ಕುಟುಂಬ ಪೆನ್ಷನ್ ಅದೇ ಖಾತೆಗೆ ಬೀಳುತ್ತದೆ. ಹೆಂಡತಿಯ ಜನ್ಮದಿನಾಂಕ ಪಿಪಿಓದಲ್ಲಿ, ಆಧಾರ್‌ನಲ್ಲಿ ಒಂದೇ ಇದೆಯೇ ಎಂದು ಅವರ ಎದುರೇ ಓದುತ್ತೇನೆ; ಏಕೆಂದರೆ ಎಂಬತ್ತರ ಹೆಚ್ಚುವರಿ ಕುಟುಂಬ ಪೆನ್ಷನ್‌ಗೂ ಇದ್ದು, ಅದು ಆ ತಾರೀಖಿನ ಮೇಲೇ ನಿಂತಿದೆ. ಆಮೇಲೆ ಒಂದು ವಿತ್‌ಡ್ರಾವಲ್ ಸ್ಲಿಪ್ ಕೊಟ್ಟು, ಗಂಡನನ್ನು ಕುರ್ಚಿಯಲ್ಲಿ ಕೂಡಿಸಿ, ಹೆಂಡತಿಯ ಕೈಯಿಂದಲೇ ಬರೆಸಿ ದುಡ್ಡು ತೆಗೆಸುತ್ತೇನೆ.