‘ಕ್ಯಾಸಿನೊ’: ಎಣಿಸುವ ಕೋಣೆಯ ಕಥೆ

ಮಾರ್ಟಿನ್ ಸ್ಕಾರ್ಸೆಸಿ 1995ರಲ್ಲಿ ನಿರ್ದೇಶಿಸಿದ ‘ಕ್ಯಾಸಿನೊ’ ಚಿತ್ರವನ್ನು ಹೆಚ್ಚಿನವರು ಅದರ ಕ್ರೌರ್ಯಕ್ಕಾಗಿ ನೆನಪಿಟ್ಟುಕೊಂಡಿದ್ದಾರೆ. ಕಾಸರಗೋಡಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವುದೇ ಉದ್ಯೋಗವಾಗಿರುವ ನನಗೆ ಮಾತ್ರ ಅದು ಹಣ ಎಣಿಸುವ ಕೋಣೆಯೊಂದರ ಕಥೆಯಾಗಿಯೇ ಕಾಣುತ್ತದೆ.

ಚಿತ್ರದ ಕಥೆ ನಡೆಯುವ ಲಾಸ್ ವೇಗಾಸ್ ಇರುವುದು ಅಮೆರಿಕದ ನೆವಾಡ ರಾಜ್ಯದಲ್ಲಿ; ಅಲ್ಲಿ ಜೂಜು 1931ರಿಂದ ಕಾನೂನುಬದ್ಧವಾಗಿದೆ. ಸರಕಾರವೇ ಲಾಟರಿ ನಡೆಸುವ, ಆದರೆ ಕೋಳಿ ಅಂಕದ ಗದ್ದೆಗೋ ಉಲಾಯಿ-ಪಿದಾಯಿ ಎಂಬ ಇಸ್ಪೀಟು ಜೂಜಿನ ಅಡ್ಡೆಗೋ ಪೊಲೀಸರು ದಾಳಿಯಿಡುವ ನಮ್ಮ ಊರಿನವರಿಗೆ ಈ ಗೆರೆಯನ್ನು ವಿವರಿಸಬೇಕಾಗಿಲ್ಲ. ಚಿತ್ರದಲ್ಲಿಯೂ ಅಪರಾಧ ನಡೆಯುವುದು ಆಟದ ಮೇಜಿನ ಮೇಲಲ್ಲ. ಕ್ಯಾಸಿನೊ, ಅಂದರೆ ಜೂಜುಕಟ್ಟೆ, ಗೆದ್ದ ಹಣ ಲೆಕ್ಕಕ್ಕೆ ಸೇರುವ ಮೊದಲೇ ಅದರಲ್ಲೊಂದು ಪಾಲನ್ನು ತೆಗೆದು ದೂರದ ಮಾಫಿಯಾ ಯಜಮಾನರಿಗೆ ತಲುಪಿಸುವುದರಲ್ಲಿ. ಸೂಟ್‌ಕೇಸ್ ಹಿಡಿದವನೊಬ್ಬ ಎಣಿಸುವ ಕೋಣೆಗೆ ಬರುತ್ತಾನೆ, ನೋಟಿನ ಕಟ್ಟುಗಳನ್ನು ತುಂಬಿಕೊಳ್ಳುತ್ತಾನೆ, ಯಾರೂ ತಡೆಯದೆ ಹೊರಟುಹೋಗುತ್ತಾನೆ. ಚಿತ್ರಕ್ಕೆ ಮೂಲವಾದ ಸ್ಟಾರ್‌ಡಸ್ಟ್ ಕ್ಯಾಸಿನೊದಲ್ಲಿ ನಾಣ್ಯಗಳನ್ನು ತೂಗಿ ಎಣಿಸುವ ತಕ್ಕಡಿಯನ್ನೇ ತಪ್ಪು ತೋರಿಸುವಂತೆ ಹೊಂದಿಸಿದ್ದರು. ತಕ್ಕಡಿಯೇ ಸುಳ್ಳು ಹೇಳುವಾಗ ಕಾಗದದ ಮೇಲಿನ ಲೆಕ್ಕ ಎಷ್ಟು ಸರಿಯಿದ್ದರೇನು!

ಫ್ರಾಂಕ್ ರೋಸೆಂತಾಲ್ ಎಂಬ ನಿಜ ವ್ಯಕ್ತಿಯ ಆಧಾರದ ಮೇಲೆ ರೂಪುಗೊಂಡ, ಕ್ಯಾಸಿನೊ ನಡೆಸುವ ಸ್ಯಾಮ್ ರೋಥ್‌ಸ್ಟೀನ್‌ನನ್ನು ರಾಬರ್ಟ್ ಡಿ ನಿರೋ ಅತ್ಯಂತ ಬಿಗಿಯಾಗಿ ನಿರ್ವಹಿಸಿದ್ದಾರೆ. ಒಂದು ಮಫಿನ್‌ನಲ್ಲಿ ಬ್ಲೂಬೆರಿ ಹಣ್ಣು ತುಂಬಿರುವುದನ್ನೂ ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಿರುವುದನ್ನೂ ಕಂಡ ಈತ ನೇರವಾಗಿ ಅಡುಗೆಮನೆಗೆ ಹೋಗಿ, ಪ್ರತಿಯೊಂದರಲ್ಲಿಯೂ ಹಣ್ಣು ಸಮಪ್ರಮಾಣದಲ್ಲಿರಬೇಕೆಂದು ಆಜ್ಞಾಪಿಸುತ್ತಾನೆ. ನಗು ಬರಿಸುವ ಈ ಸ್ವಭಾವವೇ ಮುಂದೆ ಅವನಿಗೆ ಮುಳುವಾಗುತ್ತದೆ. ಸ್ಲಾಟ್ ಯಂತ್ರಗಳ ಮೇಲ್ವಿಚಾರಕನ ಕಣ್ಣೆದುರೇ ಮೂರು ಯಂತ್ರಗಳು ಒಂದರ ಹಿಂದೊಂದು ದೊಡ್ಡ ಬಹುಮಾನ ಸುರಿಸಿದಾಗ, ಅವನು ಮೋಸದಲ್ಲಿ ಪಾಲುದಾರನಾಗಿರಬೇಕು, ಇಲ್ಲವೇ ದಡ್ಡನಾಗಿರಬೇಕು ಎಂದು ಸ್ಯಾಮ್ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ತರ್ಕದಲ್ಲಿ ದೋಷವಿಲ್ಲ, ಆದರೆ ಆ ಮೇಲ್ವಿಚಾರಕ ಊರಿನ ಪ್ರಭಾವಿ ರಾಜಕಾರಣಿಯ ನೆಂಟ. ಆಮೇಲೆ ಸ್ಯಾಮ್‌ಗೆ ಕ್ಯಾಸಿನೊ ನಡೆಸುವ ಪರವಾನಗಿಯೇ ಸಿಗುವುದಿಲ್ಲ. ಯಂತ್ರದ ಸಾಧ್ಯಾಸಾಧ್ಯತೆಗಳನ್ನು ಬಾಯಿಪಾಠ ಮಾಡಿಕೊಂಡವನಿಗೆ ನೆಂಟಸ್ತಿಕೆಯ ಲೆಕ್ಕ ಮಾತ್ರ ತಿಳಿದಿರಲಿಲ್ಲ.

ಆರಂಭದಲ್ಲಿಯೇ ಸ್ಯಾಮ್‌ನ ಕಾರು ಸ್ಫೋಟಗೊಳ್ಳುವುದರಿಂದ ಅಂತ್ಯವೇನೆಂಬ ಕುತೂಹಲಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ. ತಾಳಮದ್ದಳೆಗೆ ಹೋಗುವವರಿಗೆ ಜೂಜಿನಲ್ಲಿ ಧರ್ಮರಾಯ ಸೋಲುತ್ತಾನೆಂಬುದು ಮೊದಲೇ ಗೊತ್ತಿರುತ್ತದೆ. ಶಕುನಿ ಅರ್ಥವನ್ನು ಹೇಗೆ ಬೆಳೆಸುತ್ತಾನೆ ಎಂದು ಕೇಳುವುದಕ್ಕೇ ಅವರು ರಾತ್ರಿಯಿಡೀ ಕೂರುತ್ತಾರೆ. ಈ ಚಿತ್ರವನ್ನೂ ಹಾಗೆಯೇ ನೋಡಬೇಕು. ಸ್ಯಾಮ್ ಮತ್ತು ಜೋ ಪೆಶಿ ನಟಿಸಿದ ಅವನ ಮಾಫಿಯಾ ಗೆಳೆಯ ನಿಕ್ಕಿ ಇಬ್ಬರೂ ಹಿನ್ನೆಲೆಯಲ್ಲಿ ಕಥೆ ಹೇಳುತ್ತಾ ಹೋಗುತ್ತಾರೆ. ಜೋಳದ ಹೊಲದಲ್ಲಿ ನಿಕ್ಕಿಯ ಮೇಲೆ ಮೊದಲ ಪೆಟ್ಟು ಬೀಳುವ ಗಳಿಗೆಯಲ್ಲಿ ಅವನ ನಿರೂಪಣೆ ಅರ್ಧ ವಾಕ್ಯಕ್ಕೇ ಕತ್ತರಿಸಿಹೋಗುತ್ತದೆ. ಮುಂದಿನ ರಕ್ತಪಾತಕ್ಕಿಂತ ಆ ನಿಂತುಹೋದ ಮಾತೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಸುಮಾರು ಮೂರು ಗಂಟೆಗಳ ಈ ಚಿತ್ರದ ಕೊನೆಯ ಭಾಗದಲ್ಲಿ ಸ್ಯಾಮ್ ಮತ್ತು ಅವನ ಹೆಂಡತಿಯ ಜಗಳ ಅಗತ್ಯಕ್ಕಿಂತ ಹೆಚ್ಚು ಎಳೆದಂತಾಗಿದೆ. ಹೆಂಡತಿಯಾಗಿ ನಟಿಸಿದ ಶರೋನ್ ಸ್ಟೋನ್ ಅವರ ಅಭಿನಯವಿಲ್ಲದಿದ್ದರೆ ಅಲ್ಲಿ ಆಕಳಿಕೆ ಬರುತ್ತಿತ್ತು. ಆ ಪಾತ್ರಕ್ಕಾಗಿ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ನನ್ನ ಮೆಚ್ಚಿನ ಪಾತ್ರ ಮಾತ್ರ ಕಿರಾಣಿ ಅಂಗಡಿಯಲ್ಲಿ ಕೂರುವ ಮಾಫಿಯಾದವ ಪಿಸ್ಕಾನೋ. ಲಾಸ್ ವೇಗಾಸ್‌ಗೆ ಹೋಗಿಬರುವ ಖರ್ಚನ್ನು ಯಜಮಾನರು ಕೊಡುತ್ತಿಲ್ಲವೆಂದು ಗೊಣಗುತ್ತಾ ಅವನು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡುತ್ತಾನೆ. ಬೇರೊಂದು ಪ್ರಕರಣಕ್ಕಾಗಿ ಅಂಗಡಿಯಲ್ಲಿ ಅಡಗಿಸಿಟ್ಟ ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಮೈಕಿಗೆ ಅವನ ಗೊಣಗಾಟವೆಲ್ಲ ಕೇಳಿಸುತ್ತದೆ. ಮನೆಗೆ ದಾಳಿಯಾದಾಗ ಪುಸ್ತಕವೂ ಸಿಗುತ್ತದೆ, ಅವನು ಅಲ್ಲೇ ಕುಸಿದು ಸಾಯುತ್ತಾನೆ. ಇದು ಕೇವಲ ಕಲ್ಪನೆಯಲ್ಲ: ಕಾರ್ಲ್ ಡಿಲೂನಾ ಎಂಬ ಕಾನ್ಸಾಸ್ ಸಿಟಿಯ ಮಾಫಿಯಾ ಪ್ರಮುಖನ ಮನೆಯಲ್ಲಿ 1979ರಲ್ಲಿ ಸಿಕ್ಕ ಇಂಥದ್ದೇ ಟಿಪ್ಪಣಿಗಳು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾದವು. ಲೆಕ್ಕವೇ ಇಲ್ಲದ ಹಣವನ್ನು ಸಾಗಿಸುತ್ತಿದ್ದವರು ಬಸ್ ಚಾರ್ಜಿನಂತಹ ಚಿಲ್ಲರೆಯ ಲೆಕ್ಕ ಇಟ್ಟು ಸಿಕ್ಕಿಬಿದ್ದರೆಂಬುದನ್ನು ನೋಡಿ, ದಿನವಿಡೀ ವೋಚರ್ ಜೋಡಿಸುವ ನಾನು ಒಬ್ಬನೇ ಕುಳಿತು ಗಟ್ಟಿಯಾಗಿ ನಕ್ಕಿದ್ದೆ.