ಕೊನೆಯ ಹಾಡಿಗೆ ಕ್ಯಾಮೆರಾ ಬೇಕು

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಉತ್ಸವಕ್ಕೆ ಬೆಂಗಳೂರಿನಿಂದ ಬಂದಿದ್ದ ರಾಕ್ ತಂಡದ ಚಿತ್ರ ತೆಗೆಯಲು ಹೋದ ಸಂಜೆ, ವೇದಿಕೆಯ ಮುಂದಿನ ಬ್ಯಾರಿಕೇಡ್ ದಾಟುವ ಮೊದಲೇ ಸ್ವಯಂಸೇವಕ ಹುಡುಗನೊಬ್ಬ ನನ್ನ ಕೈಗೆ ಒಂದು ಹಾಳೆ ಕೊಟ್ಟು, "ಮೂರು ಹಾಡು ಮುಗದ ಕೂಡಲೇ ಹೊರಗ ಬರಬೇಕ್ರಿ ಸರ, ಫ್ಲ್ಯಾಶ್ ಅಂತೂ ಹೊಡಿಯಂಗಿಲ್ರಿ" ಎಂದ. ಈ ನಿಯಮ ಹೊಸದಲ್ಲ. ಹೊರದೇಶಗಳ ದೊಡ್ಡ ರಾಕ್ ಕಾರ್ಯಕ್ರಮಗಳಲ್ಲಿ ದಶಕಗಳಿಂದ ರೂಢಿಯಲ್ಲಿದೆ. ಆದರೆ ಹಾಳೆಯ ಕೆಳಗಿದ್ದ ಇನ್ನೊಂದು ಸಾಲನ್ನು ಓದಿ ನಾನು ಸಹಿ ಮಾಡದೆ ನಿಂತೆ. ಅಂದು ತೆಗೆದ ಎಲ್ಲ ಚಿತ್ರಗಳ ಹಕ್ಕೂ ತಂಡಕ್ಕೇ ಸೇರುತ್ತದೆ ಎಂದು ಅಲ್ಲಿ ಬರೆದಿತ್ತು.

ಆ ಕಾರ್ಯಕ್ರಮಕ್ಕೆ ನನ್ನನ್ನು ಯಾರೂ ಹಣ ಕೊಟ್ಟು ಕರೆಸಿರಲಿಲ್ಲ. ಮದುವೆ, ಕುಬಸ, ವಾಸ್ತುಶಾಂತಿಗಳ ಚಿತ್ರ ತೆಗೆದು ಸಂಸಾರ ನಡೆಸುವ ನಾನು, ರಾಕ್ ಸಂಗೀತದ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ಹಂಬಲದಿಂದ ಹುಬ್ಬಳ್ಳಿಯಿರಲಿ, ಗೋವಾ ಇರಲಿ, ಅವಕಾಶ ಸಿಕ್ಕಲ್ಲಿಗೆ ಸ್ವಂತ ಖರ್ಚಿನಲ್ಲಿ ಹೋಗುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ ತೆಗೆಸಿದವರೇ ಮೊದಲ ಒಡೆಯರು. ಹಾಗಾಗಿ ಮದುವೆಯ ಚಿತ್ರಗಳು ನನ್ನವೆಂದು ನಾನು ಹೇಳುವುದಿಲ್ಲ. ಯಾರ ಹಣವನ್ನೂ ಪಡೆಯದೆ ತೆಗೆದ ಚಿತ್ರ ಮಾತ್ರ ನನ್ನದು, ಮತ್ತು ಈ ವೃತ್ತಿಯಲ್ಲಿ ವಯಸ್ಸಾದ ಮೇಲೆ ಕೈಹಿಡಿಯುವುದು ಹಾಗೆ ಕೂಡಿಟ್ಟ ಹಳೆಯ ಚಿತ್ರಗಳೇ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೋಲಿಂಗ್ ಸ್ಟೋನ್ ಸಂಗೀತ ಪತ್ರಿಕೆ ಆರಂಭವಾದಾಗ ಅದರ ಮೊದಲ ಮುಖ್ಯ ಛಾಯಾಗ್ರಾಹಕ ಬ್ಯಾರನ್ ವೋಲ್ಮನ್ ಸಂಬಳವಿಲ್ಲದೆ ದುಡಿಯಲು ಒಪ್ಪಿದರೂ ಚಿತ್ರಗಳ ಹಕ್ಕನ್ನು ಬಿಟ್ಟುಕೊಡಲಿಲ್ಲ. ತಂಡದ ಮ್ಯಾನೇಜರರನ್ನು ಕಂಡು ಇದನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಆ ಸಾಲನ್ನು ಹೊಡೆದುಹಾಕಿ, ಚಿತ್ರಗಳನ್ನು ತಂಡದ ಪ್ರಚಾರಕ್ಕೆ ನನ್ನ ಹೆಸರಿನೊಂದಿಗೆ ಬಳಸಬಹುದೆಂದು ಬರೆದು ಸಹಿ ಹಾಕಿದರು.

ಮೊದಲ ಹಾಡು ಶುರುವಾದಾಗ ವೇದಿಕೆಯೆಲ್ಲ ಕೆಂಪು ಎಲ್‌ಇಡಿ ಬೆಳಕಿನಲ್ಲಿ ಮುಳುಗಿತ್ತು. ಇಂಥ ಬೆಳಕಿನಲ್ಲಿ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರ್‌ಗೆ ಕೆಂಪೊಂದೇ ಅತಿಯಾಗಿ ಸೇರಿ ಮುಖದ ಗೆರೆಗಳು ಅಳಿಸಿಹೋಗುತ್ತವೆ. ಕಾರ್ಯಕ್ರಮಗಳ ಚಿತ್ರಗಳನ್ನು ಅನೇಕರು ಕೊನೆಗೆ ಕಪ್ಪುಬಿಳುಪಿಗೆ ತಿರುಗಿಸುವುದು ಇದಕ್ಕಾಗಿಯೇ. ಐಎಸ್‌ಒ 3200, ಅಪರ್ಚರ್ 2.8, ಷಟರ್ 1/250 ಎಂದು ಕ್ಯಾಮೆರಾವನ್ನು ಮಂದ ಬೆಳಕಿಗೆ ಹೊಂದಿಸಿಟ್ಟುಕೊಂಡು ಬಿಳಿ ಬೆಳಕಿಗಾಗಿ ಕಾದೆ. ಅದು ಬರುವ ಸುಳಿವು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ಪಲ್ಲವಿಗೆ ಮರಳುವ ಮುನ್ನ ಡ್ರಮ್ಮರ್ ಒಂದು ಸುತ್ತು ಬಾರಿಸಿ ಸಿಂಬಲ್‌ಗೆ ಹೊಡೆಯುವ ಹೊತ್ತಿಗೇ ಸಾಮಾನ್ಯವಾಗಿ ಬೆಳಕೂ ಬದಲಾಗುತ್ತದೆ. ಆದ್ದರಿಂದ ತಂಡದ ಹಾಡುಗಳನ್ನು ಮೊದಲೇ ಕೇಳಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಾಡನ್ನು ತಿಳಿಯದವನು ಎಂಥ ಲೆನ್ಸ್ ಹಿಡಿದರೂ ರಾಕ್ ಚಿತ್ರ ತೆಗೆಯಲಾರ ಎಂಬುದು ನನ್ನ ದೃಢ ನಂಬಿಕೆ. ಮೂರನೆಯ ಹಾಡನ್ನು ಪೂರ್ತಿಯಾಗಿ, ಎಲ್ಲರೂ ಮರೆಯುವ ಡ್ರಮ್ಮರ್‌ಗೇ ಮೀಸಲಿಟ್ಟೆ.

ಹಾಡು ಮುಗಿದ ಕೂಡಲೇ ನಮ್ಮನ್ನೆಲ್ಲ ಹೊರಗೆ ಕಳುಹಿಸಿದರು. ಇದೇ ಊರಿನ ಕುಮಾರ ಗಂಧರ್ವ ರಂಗಮಂದಿರದ ಹಿಂದೂಸ್ತಾನಿ ಬೈಠಕ್‌ಗಳಲ್ಲಿ ನಾನು ಮೊದಲಿನಿಂದ ಕೊನೆಯ ಭೈರವಿಯವರೆಗೂ ಕುಳಿತು ಚಿತ್ರ ತೆಗೆದಿದ್ದೇನೆ. ನಿಧಾನಗತಿಯ ವಿಲಂಬಿತದಲ್ಲಿ ಕಾಣುವ ಗಾಯಕರ ಮುಖವೇ ಬೇರೆ, ವೇಗದ ದ್ರುತ್‌ಗೆ ಬಂದಾಗಿನ ಮುಖವೇ ಬೇರೆ. ರಾಕ್ ತಂಡಗಳೂ ಮೊದಲ ಮೂರು ಹಾಡುಗಳಲ್ಲಿ ಇನ್ನೂ ಸಭೆಯನ್ನು ಅಳೆಯುತ್ತಿರುತ್ತವೆ. 1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಹಚ್ಚಿದ್ದು ಕಾರ್ಯಕ್ರಮದ ಕೊನೆಯಲ್ಲಿ. ಆ ಜಗತ್ಪ್ರಸಿದ್ಧ ಚಿತ್ರ ತೆಗೆದ ಎಡ್ ಕ್ಯಾರೆಫ್‌ಗೆ ಆಗ 17 ವರ್ಷ. ನ್ಯೂಯಾರ್ಕಿನ ಪ್ಯಾಲೇಡಿಯಂನಲ್ಲಿ 1979ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರಾಕ್ ತಂಡ ದಿ ಕ್ಲ್ಯಾಶ್‌ನ ಪಾಲ್ ಸಿಮನನ್ ತನ್ನ ಬಾಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸಿದ ಕ್ಷಣವನ್ನು ಛಾಯಾಗ್ರಾಹಕಿ ಪೆನಿ ಸ್ಮಿತ್ ಹಿಡಿದದ್ದೂ ಕಾರ್ಯಕ್ರಮ ಮುಗಿಯುವ ಹೊತ್ತಿಗೆ. ಇಬ್ಬರನ್ನೂ ಮೂರು ಹಾಡಿಗೇ ಹೊರಗಟ್ಟಿದ್ದರೆ ಈ ಎರಡೂ ಚಿತ್ರಗಳು ಇರುತ್ತಿರಲಿಲ್ಲ. ಪೂರ್ತಿ ಪ್ರವೇಶ ಕೊಡದಿದ್ದರೆ ಕೆಲಸವನ್ನೇ ಒಲ್ಲೆನೆನ್ನುತ್ತಿದ್ದ ಅಮೆರಿಕದ ರಾಕ್ ಛಾಯಾಗ್ರಾಹಕ ಜಿಮ್ ಮಾರ್ಷಲ್ ಅವರ ಹಟ ನನಗೆ ಅಂದು ಚೆನ್ನಾಗಿ ಅರ್ಥವಾಯಿತು.

ಕ್ಯಾಮೆರಾವನ್ನು ಚೀಲದಲ್ಲಿಟ್ಟು, ಮೈದಾನದ ಹಿಂಭಾಗದಲ್ಲಿ ಹುಡುಗರ ನಡುವೆ ನಿಂತು ಉಳಿದ ಹಾಡುಗಳನ್ನು ಕೇಳಿದೆ. ಕೊನೆಯ ಹಾಡಿನಲ್ಲಿ ಗಾಯಕ ಮೈಕನ್ನು ಸಭೆಯತ್ತ ಚಾಚಿ ತಾನು ಸುಮ್ಮನಾದ. ಬಾಸ್ ನುಡಿಸುವವನು ಬೆವರಿನಲ್ಲಿ ತೊಯ್ದು ಡ್ರಮ್ಮರ್‌ನ ಪಕ್ಕದಲ್ಲೇ ಕುಳಿತುಬಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತ ನುಡಿಸುತ್ತಿದ್ದರು. ಆ ತಂಡ ಏನೆಂಬುದನ್ನು ತೋರಿಸಬಲ್ಲ ಚಿತ್ರ ಅದಾಗಿತ್ತು, ಮತ್ತು ಅದನ್ನು ತೆಗೆಯಬಲ್ಲ ಒಬ್ಬ ಛಾಯಾಗ್ರಾಹಕನೂ ಮುಂದೆ ಇರಲಿಲ್ಲ.

ಆಯ್ದ ಚಿತ್ರಗಳನ್ನು ಕಳುಹಿಸುವಾಗ ಮ್ಯಾನೇಜರರಿಗೆ ಇದನ್ನು ಸವಿವರವಾಗಿ ಬರೆದೆ. ಅವರು ಫೋನ್ ಮಾಡಿ, ಹುಬ್ಬಳ್ಳಿಯ ಮುಂದಿನ ಕಾರ್ಯಕ್ರಮದಲ್ಲಿ ಮೊದಲ ಎರಡು ಹಾಡುಗಳಿಗೂ ಕೊನೆಯ ಹಾಡಿಗೂ ಛಾಯಾಗ್ರಾಹಕರನ್ನು ಬಿಡಲು ತಂಡದವರು ಒಪ್ಪಿದ್ದಾರೆಂದು ತಿಳಿಸಿದರು.